ದೂರುವವನ ಹೆಸರೇ ಸೈತಾನ

“ಕಳೆದ ಸಂಚಿಕೆಯ ಲೇಖನವು ಸೈತಾನನ ಆರಾಧನೆಯನ್ನು ‘ಮತ’ ಎಂದು ಕರೆದಿದೆ. ಶಿಶುಬಲಿ ಕೊಡುತ್ತ, ಸಾವಿರಾರು ವರ್ಷಗಳಿಂದ ಗುಟ್ಟಾಗಿ ನಡೆದುಬಂದಿರುವ ಪಂಥಕ್ಕೆ ಈ ಮರ್ಯಾದೆ ಏಕೆ?” – ಓದುಗರೊಬ್ಬರು, ದಾವಣಗೆರೆ

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಿಮ್ಮ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ‘ಸಾವಿರಾರು ವರ್ಷ’ ಎಂಬ ಲೆಕ್ಕ ಎಲ್ಲಿಂದ ಬಂತೆಂದು ನೀವು ಬರೆದಿಲ್ಲ. ಸೈತಾನನ ಹೆಸರು ಹೇಳಿಕೊಂಡು ಬಹಿರಂಗವಾಗಿ ಸಂಘ ಕಟ್ಟಿದ ಮತಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲ. 1966ರ ಏಪ್ರಿಲ್ 30ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಟನ್ ಲಾವೇ ಎಂಬಾತ ‘ಚರ್ಚ್ ಆಫ್ ಸೇಟನ್’ ಸ್ಥಾಪಿಸಿದ. ಅಲ್ಲಿನವರಿಗೆ ಸೈತಾನ ಎಂಬ ವ್ಯಕ್ತಿಯ ಇರವಿನಲ್ಲೇ ನಂಬಿಕೆಯಿಲ್ಲ. ದೇಹಸುಖಕ್ಕೆ, ಸ್ವಾಭಿಮಾನಕ್ಕೆ, ಯಾರಿಗೂ ತಲೆಬಾಗದ ಹಟಕ್ಕೆ ಅವನೊಂದು ಸಂಕೇತ, ಅಷ್ಟೆ. ಮಕ್ಕಳಿಗೆ ಹಾನಿ ಮಾಡಕೂಡದೆಂಬುದು ಲಾವೇ ಬರೆದಿಟ್ಟ ನಿಯಮಗಳಲ್ಲೊಂದು. 2013ರಲ್ಲಿ ಅಮೆರಿಕದಲ್ಲೇ ತಲೆಯೆತ್ತಿದ ‘ಸೇಟನಿಕ್ ಟೆಂಪಲ್’ ಕೂಡ ದೇವರನ್ನೂ ದೆವ್ವವನ್ನೂ ನಂಬದವರದೇ; ಸರ್ಕಾರಿ ಆವರಣದಲ್ಲಿ ಬೈಬಲಿನ ದಶಾಜ್ಞೆಗಳ ಕಲ್ಲು ನಿಲ್ಲಬಹುದಾದರೆ ನಮ್ಮ ಮೇಕೆತಲೆಯ ವಿಗ್ರಹವೂ ನಿಲ್ಲಲಿ ಎಂದು ವಾದ ಹೂಡುವುದು ಅವರ ಮುಖ್ಯ ಅನುಷ್ಠಾನ.

ಅಪರಾಧಗಳೇ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ನಾರ್ವೆಯಲ್ಲಿ 1992ರಿಂದಾಚೆಗೆ ಕೆಲವು ಯುವಕರು ಹಳೆಯ ಮರದ ಚರ್ಚುಗಳಿಗೆ ಬೆಂಕಿಯಿಟ್ಟದ್ದು ನಿಜ. ಉಳಿದ ಇತಿಹಾಸ ಬಹುಮಟ್ಟಿಗೆ ಆರಾಧಿಸಿದವರದಲ್ಲ, ಆರೋಪಿಸಿದವರದು. ಹೀಬ್ರೂ ಭಾಷೆಯಲ್ಲಿ ‘ಸಾತಾನ್’ ಎಂದರೆ ಎದುರಾಳಿ, ದೂರುವವನು. ಬೈಬಲಿನ ಯೋಬನ ಗ್ರಂಥದಲ್ಲಿ ಅವನು ದೇವರ ಸಭೆಯಲ್ಲೇ ನಿಂತು, ಈ ಯೋಬನ ಭಕ್ತಿ ಲಾಭದ ಭಕ್ತಿಯೆಂದು ವಾದಿಸುವ ಸರ್ಕಾರಿ ವಕೀಲನಂತಿದ್ದಾನೆ. ಆಮೇಲಿನ ಶತಮಾನಗಳಲ್ಲಿ ಆ ಉದ್ಯೋಗವನ್ನು ಮನುಷ್ಯರೇ ವಹಿಸಿಕೊಂಡರು. 1307ರಲ್ಲಿ ಫ್ರಾನ್ಸಿನ ಅರಸ ನಾಲ್ಕನೆಯ ಫಿಲಿಪ್ ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರನ್ನು ಒಂದೇ ದಿನ ಸೆರೆಹಿಡಿಸಿ, ಚಿತ್ರಹಿಂಸೆಯಿಂದ ‘ಬಾಫೊಮೆಟ್’ ಎಂಬ ವಿಗ್ರಹದ ಪೂಜೆಯ ತಪ್ಪೊಪ್ಪಿಗೆಗಳನ್ನು ಕಕ್ಕಿಸಿದ. ಅರಸನಿಗೆ ಅವರಲ್ಲಿ ಸಾಲವಿತ್ತೆಂಬುದನ್ನೂ ಮರೆಯಬಾರದು.

ನನಗೆ ಬಲು ಪ್ರಿಯವಾದ ಕಥೆ ಲಿಯೋ ಟಾಕ್ಸಿಲ್‌ನದು. ಚರ್ಚನ್ನು ಹೀಯಾಳಿಸುತ್ತಲೇ ಬದುಕಿದ್ದ ಈ ಫ್ರೆಂಚ್ ಬರಹಗಾರ 1885ರಲ್ಲಿ ಪಶ್ಚಾತ್ತಾಪದ ವೇಷ ಹಾಕಿ, ಫ್ರೀಮೇಸನ್ನರೆಂಬ ಗೋಪ್ಯ ಸಂಘದವರು ಸೈತಾನನ ಭಕ್ತರೆಂದು ಸಂಪುಟಗಟ್ಟಲೆ ಬರೆದ; ಪೋಪರ ಭೇಟಿಯೂ ದೊರೆಯಿತು. ಅವನ ಬಳಗದ ಬರಹಗಳಲ್ಲಿ ಮೊಸಳೆಯ ರೂಪದಲ್ಲಿ ಬಂದ ದೆವ್ವ ಪಿಯಾನೋ ನುಡಿಸುತ್ತದೆ, ನಮ್ಮ ಕಲ್ಕತ್ತೆಯಲ್ಲೂ ಸೈತಾನನ ಗುಡಿಗಳಿವೆ. ಜನ ನಂಬಿದರು. 1897ರ ಏಪ್ರಿಲ್ 19ರಂದು ಪ್ಯಾರಿಸಿನ ತುಂಬಿದ ಸಭೆಯೆದುರು ಅವನು, ಹನ್ನೆರಡು ವರ್ಷ ಬರೆದದ್ದೆಲ್ಲ ಕಟ್ಟುಕಥೆಯೆಂದು ತಾನಾಗಿ ಸಾರಿದ. ಆಗಲೂ ಕೆಲವರು ಕಥೆಯನ್ನು ಬಿಡಲಿಲ್ಲ.

ನಿಮ್ಮ ‘ಶಿಶುಬಲಿ’ಯಂಥ ಮಾತುಗಳಿಂದಲೇ ಕ್ಯಾಲಿಫೋರ್ನಿಯದಲ್ಲಿ 1983ರಲ್ಲಿ ಶುರುವಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಮೊಕದ್ದಮೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂಬ ದೂರು, ಉಬ್ಬಿತು. ಏಳು ವರ್ಷ ಎಳೆದಾಡಿದ ಆ ಪ್ರಕರಣ 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಇಂಥ ದೂರುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಎಫ್‌ಬಿಐ ಅಧಿಕಾರಿ ಕೆನೆತ್ ಲ್ಯಾನಿಂಗ್ 1992ರ ವರದಿಯಲ್ಲಿ, ನರಬಲಿ ಕೊಡುವ ಸಂಘಟಿತ ಜಾಲಕ್ಕೆ ಪುರಾವೆಯಿಲ್ಲವೆಂದು ಬರೆದರು.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟೇಕೆಂದು ಕೇಳುವಿರಾದರೆ, ಕಾರಣ ನಮ್ಮ ಕರಾವಳಿಯಲ್ಲಿದೆ. ಟಾಕ್ಸಿಲ್ ಪ್ಯಾರಿಸನ್ನು ನಗೆಪಾಟಲು ಮಾಡುತ್ತಿದ್ದ ವರ್ಷಗಳಲ್ಲೇ, 1894ರಿಂದ 1897ರವರೆಗೆ, ಇಂಗ್ಲಿಷ್ ಅಧಿಕಾರಿಯೂ ವಿದ್ವಾಂಸರೂ ಆಗಿದ್ದ ದಿವಂಗತ ಎ. ಸಿ. ಬರ್ನೆಲ್ ಅವರ ಸಂಗ್ರಹದಲ್ಲಿದ್ದ, ಭೂತಗಳ ಕಥೆ ಹಾಡುವ ತುಳು ಪಾಡ್ದನಗಳು ವಿದ್ವತ್ ಪತ್ರಿಕೆಯೊಂದರಲ್ಲಿ ಅಚ್ಚಾದವು. ಆ ಸಂಗ್ರಹದ ಉಪಕಾರ ದೊಡ್ಡದು. ಆದರೆ ಅದಕ್ಕೆ ಕೊಟ್ಟ ತಲೆಬರಹ ‘ತುಳುವರ ದೆವ್ವಪೂಜೆ’ ಎಂಬರ್ಥದ್ದು. ಊರಿನ ವ್ಯಾಜ್ಯ ತೀರಿಸುವ, ಬೆಳೆ ಕಾಯುವ, ತಪ್ಪಿದ ಯಜಮಾನನನ್ನು ಎದುರಿಗೇ ಗದರಿಸುವ ಭೂತವನ್ನು ಸೈತಾನನ ಪಕ್ಕಕ್ಕೆ ತಳ್ಳಲು ‘ಡೆವಿಲ್’ ಎಂಬ ಒಂದೇ ಒಂದು ಇಂಗ್ಲಿಷ್ ಪದ ಸಾಕಾಯಿತು. ನಾನು ಕರಡು ತಿದ್ದುತ್ತಿದ್ದ ದಿನಗಳಲ್ಲಿ ಪಂಜುರ್ಲಿಯ ಕೋಲದ ಚಿತ್ರವೊಂದು ‘ಸೈತಾನ ನರ್ತನ’ ಎಂಬ ಅಡಿಬರಹ ಹೊತ್ತು ಬಂದಿತ್ತು. ಅನುವಾದಿಸಿದವರು ಕುಂದಾಪುರದವರೇ! ಹೊಡೆದುಹಾಕಿದ್ದಕ್ಕೆ ಅವರು ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಈಗಿನ ವಾಹಿನಿಗಳಲ್ಲಿ ಹೊಡೆದುಹಾಕುವವರೂ ಇಲ್ಲ. ಸ್ಮಶಾನದಲ್ಲಿ ನಿಂಬೆಹಣ್ಣು ಕಂಡರೆ ಸಂಜೆಗೆ ಅದು ‘ಸೈತಾನ ಪಂಥ’ವಾಗಿರುತ್ತದೆ.

ಆದ್ದರಿಂದ ‘ಮತ’ ಎಂಬ ಪದವನ್ನು ಹಿಂತೆಗೆಯುವುದಿಲ್ಲ. ನೀವು ಹೇಳಿದ ಶಿಶುಬಲಿ ನಡೆದ ಊರು, ತಾರೀಖು, ನ್ಯಾಯಾಲಯದ ತೀರ್ಪು ನಿಮ್ಮಲ್ಲಿದ್ದರೆ ದಯವಿಟ್ಟು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಇದೇ ಪುಟವನ್ನು ನಿಮಗಾಗಿ ಖಾಲಿ ಇಟ್ಟಿರುತ್ತೇನೆ.

– ಸಂ.