ಮುಳ್ಳು ನೇರವಾಗಿ ಕೂತಿದೆಯೇ?

ಪ್ರಶ್ನೆ: ಸೋದರಮಾವ ಕೊಟ್ಟ ಹಳೆಯ ರೆಕಾರ್ಡ್ ಪ್ಲೇಯರ್, ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, ನನ್ನ ಬಳಿ ಇದೆ. ಅದಕ್ಕೆ ಹೊಸ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್ (ಮುಳ್ಳಿರುವ ಡಬ್ಬಿ) ಹಾಕಿದ್ದೇನೆ. ಎಲ್‌ಪಿಯ ಕೊನೆಯ ಹಾಡು ಬಂದಾಗ ‘ಸ’, ‘ಶ’ ಅಕ್ಷರಗಳು ಸೀಳಿದ ಹಾಗೆ ಕೇಳುತ್ತವೆ. ಯಂತ್ರದ ಜೊತೆ ಬಂದಿದ್ದ ಬಿಳಿ ಗೇಜ್ ಕಳೆದುಹೋಗಿದೆ. ಮುಳ್ಳನ್ನು ನೇರವಾಗಿ ಕೂರಿಸಲು ನೆರವಾಗುವ ಅಲೈನ್‌ಮೆಂಟ್ ಸಾಧನಗಳು ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೂ ಇವೆ. ಯಾವುದನ್ನು ಕೊಳ್ಳಲಿ?
— ಓದುಗರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಒಂದು ಸ್ಟೀಲ್ ಸ್ಕೇಲ್ ಹುಡುಕಿ. ಕಾರ್ಟ್ರಿಜ್ ಕೂರುವ ಹೆಡ್‌ಶೆಲ್ ಬಿಚ್ಚಿದರೆ, ಅದು ಟೋನ್‌ಆರ್ಮ್‌ಗೆ, ಅಂದರೆ ಮುಳ್ಳನ್ನು ಹೊತ್ತ ತೋಳಿಗೆ, ಸೇರುವ ಕಡೆ ಸಣ್ಣ ರಬ್ಬರ್ ಬಳೆ ಕಾಣುತ್ತದೆ. ಅಲ್ಲಿಂದ ಮುಳ್ಳಿನ ತುದಿಗೆ 52 ಮಿ.ಮೀ. ಇರಬೇಕು. ಕಳೆದುಹೋದ ಗೇಜ್ ಮಾಡುತ್ತಿದ್ದದ್ದು ಇದೇ ಕೆಲಸವನ್ನು. ಕಾರ್ಟ್ರಿಜ್ ಹೆಡ್‌ಶೆಲ್‌ಗೆ ನೇರವಾಗಿ ಕೂತಿದೆಯೇ ಎಂದೂ ನೋಡಿ. ಸ್ಕ್ರೂ ಮುಟ್ಟುವ ಮೊದಲು ಮುಳ್ಳಿನ ಕವಚ ಹಾಕುವುದನ್ನು ಮರೆಯಬೇಡಿ.

ಕೊನೆಯ ಹಾಡೇ ಯಾಕೆ ಕೆಡುತ್ತದೆ? ರೆಕಾರ್ಡಿನ ಮೂಲ ತಟ್ಟೆ ಕೆತ್ತುವ ಯಂತ್ರದಲ್ಲಿ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಟೋನ್‌ಆರ್ಮ್ ಬಾಗಿಲಿನ ಹಾಗೆ ಒಂದು ಮೂಲೆ ಹಿಡಿದು ತಿರುಗುತ್ತದೆ. ಹಾಗಾಗಿ ಇಡೀ ರೆಕಾರ್ಡಿನಲ್ಲಿ ಎರಡೇ ಕಡೆ ಮುಳ್ಳು ಗೀರಿಗೆ ಸರಿಯಾಗಿ ಕೂರುತ್ತದೆ, ಉಳಿದ ಕಡೆ ಸ್ವಲ್ಪ ಓರೆ. ಇನ್ನೊಂದು ವಿಷಯವೂ ಇದೆ. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ, ಒಳಗೆ ಬಂದಾಗ 21 ಸೆಂ.ಮೀ. ಮಾತ್ರ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಹೊರಗೆ ಗೊತ್ತಾಗದ ಓರೆ ಅಲ್ಲಿ ಕಿವಿಗೆ ಚುಚ್ಚುತ್ತದೆ.

ಆ ಎರಡು ಜಾಗ ಎಲ್ಲಿರಬೇಕು ಅನ್ನುವುದರಲ್ಲೇ ಸಾಧನಗಳು ಬೇರೆಯಾಗುತ್ತವೆ. ಸ್ವೀಡನ್ನಿನ ಲೋಫ್‌ಗ್ರೆನ್ 1938ರಲ್ಲಿ ಲೆಕ್ಕ ಹಾಕಿದರು. 1941ರಲ್ಲಿ ಬೇರ್‌ವಾಲ್ಡ್ ಕೂಡ ಅಲ್ಲಿಗೇ ಬಂದರು. ಈಗಿನ ಅಳತೆಯಲ್ಲಿ ಅವರ ಜಾಗಗಳು ನಡುವಿನಿಂದ 66 ಮತ್ತು 120.9 ಮಿ.ಮೀ. ಹೆಚ್ಚಿನ ಪ್ರೊಟ್ರಾಕ್ಟರ್‌ಗಳ (ಈ ಜಾಗಗಳನ್ನು ಗುರುತು ಮಾಡಿದ ಅಳತೆ ಹಾಳೆಗಳ) ಮೇಲೆ ಇರುವುದು ಇವೇ. 1966ರ ಸ್ಟೀವನ್‌ಸನ್ ಲೆಕ್ಕ ಬೇರೆ. ಅದು ಒಳಗಿನ ಜಾಗವನ್ನು ರೆಕಾರ್ಡ್ ಮುಗಿಯುವ ಕಡೆಗೇ, 60.3ಕ್ಕೆ ತಳ್ಳುತ್ತದೆ. ನಿಮ್ಮ ಟೆಕ್ನಿಕ್ಸ್ ಇನ್ನೂ ಒಳಗೆ ಹೋಗುತ್ತದೆ. ಅದರ ಪಿವಟ್‌ನಿಂದ (ತೋಳು ತಿರುಗುವ ಬಿಂದು) ಸ್ಪಿಂಡಲ್‌ಗೆ (ನಡುವಿನ ಕಡ್ಡಿ) 215 ಮಿ.ಮೀ., ಮುಳ್ಳು ಸ್ಪಿಂಡಲ್ ದಾಟಿ ಹೋಗುವ ದೂರ, ಅಂದರೆ ಓವರ್‌ಹ್ಯಾಂಗ್, 15, ಕಾರ್ಟ್ರಿಜ್ ಒಳಕ್ಕೆ ತಿರುಗಿರುವ ಕೋನ 22 ಡಿಗ್ರಿ. ಇದರಿಂದ ನಾನು ಲೆಕ್ಕ ಹಾಕಿದರೆ ಬರುವುದು 58.8 ಮತ್ತು 113.5.

ಅಂದರೆ 52 ಮಿ.ಮೀ. ಸರಿಯಾಗಿದ್ದರೆ ನಿಮ್ಮ ಯಂತ್ರ ಕೊನೆಯ ಹಾಡಿನ ಪರವಾಗಿಯೇ ಇದೆ. ಆಮೇಲೂ ಸೀಳಿದರೆ ದೋಷ ಬೇರೆ ಕಡೆ ಇದೆ. ಮುಳ್ಳು ರೆಕಾರ್ಡನ್ನು ಒತ್ತುವ ಭಾರ 1.8 ಗ್ರಾಂ ಇದೆಯೇ ನೋಡಿ. ಮುಳ್ಳಿಗೆ ಧೂಳಿನ ಉಂಡೆ ಅಂಟಿದೆಯೇ ನೋಡಿ. ಜಾಸ್ತಿ ಸಲ ಹಾಡಿಸದ ಒಂದು ರೆಕಾರ್ಡ್ ಹಾಕಿ ಕೇಳಿ. ಅದರಲ್ಲಿ ಕೊನೆಯ ಹಾಡು ಚೆನ್ನಾಗಿ ಬಂದರೆ, ನಿಮ್ಮ ಉಳಿದ ರೆಕಾರ್ಡುಗಳನ್ನು ಹಿಂದೆ ಯಾರೋ ಭಾರದ, ಸವೆದ ಮುಳ್ಳಿನಲ್ಲಿ ಹಾಡಿಸಿದ್ದಾರೆ. ಆ ಗಾಯ ಯಾವ ಸಾಧನದಿಂದಲೂ ಮಾಯುವುದಿಲ್ಲ. ಇದನ್ನು ಹೇಳಲು ನನಗೂ ಬೇಸರವೇ, ಆದರೆ ಹತ್ತಾರು ಸಾವಿರ ಖರ್ಚು ಮಾಡಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ ಅಲ್ವಾ?

ಇಷ್ಟಾದ ಮೇಲೂ ಬೇರ್‌ವಾಲ್ಡ್ ಪ್ರಯತ್ನಿಸುವ ಆಸೆ ಇದ್ದರೆ, ಎರಡು ಚುಕ್ಕೆಗಳ ಕನ್ನಡಿ ಪ್ರೊಟ್ರಾಕ್ಟರ್ ತಗೊಳ್ಳಿ. ಕಾರ್ಟ್ರಿಜ್ ಸುಮಾರು 3 ಮಿ.ಮೀ. ಮುಂದೆ ಬರುತ್ತದೆ, ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಒಳಕ್ಕೆ ತಿರುಗುತ್ತದೆ. ಹೆಡ್‌ಶೆಲ್‌ನಲ್ಲಿ ಅದು ಸೊಟ್ಟಗೆ ಕಂಡರೆ ಗಾಬರಿ ಬೇಡ, ಅದು ಹಾಗೇ ಇರಬೇಕು. ಕನ್ನಡಿಯೇ ಯಾಕೆ ಅಂದರೆ, ಕ್ಯಾಂಟಿಲಿವರ್ (ಮುಳ್ಳನ್ನು ಹಿಡಿದಿರುವ ಸಣ್ಣ ಕಡ್ಡಿ) ಮತ್ತು ಅದರ ಬಿಂಬ ಒಂದೇ ಗೆರೆಯಾಗಿ ಕಂಡಾಗ ನಿಮ್ಮ ಕಣ್ಣು ನೇರ ಇದೆ ಎಂದು ಗೊತ್ತಾಗುತ್ತದೆ. ಕಾಗದದ ಮೇಲೆ ಕಣ್ಣು ಸ್ವಲ್ಪ ವಾಲಿದರೂ ಮೋಸ ಹೋಗುತ್ತೀರಿ. ಗೆರೆಗೆ ಹೊಂದಿಸಬೇಕಾದದ್ದು ಕ್ಯಾಂಟಿಲಿವರನ್ನು, ಕಾರ್ಟ್ರಿಜ್‌ನ ಡಬ್ಬಿಯನ್ನಲ್ಲ. ಕಮಾನಿನ ಗೆರೆ ಇರುವ ಆರ್ಕ್ ಪ್ರೊಟ್ರಾಕ್ಟರ್ ಇನ್ನೂ ಬೇಗ ಕೆಲಸ ಮುಗಿಸುತ್ತದೆ. ಆದರೆ ಅದು 215 ಮಿ.ಮೀ.ಗೆಂದೇ ಮಾಡಿದ್ದಾಗಿರಬೇಕು. ಪಿವಟ್ ದೂರವನ್ನೂ ಅಳೆಯುವ ದುಬಾರಿ ಲೋಹದ ಸಾಧನ ಬಗೆಬಗೆಯ ಯಂತ್ರ ರಿಪೇರಿ ಮಾಡುವವರಿಗೆ ಸರಿ. ಬೆಂಗಳೂರಿನ ಎಸ್‌.ಪಿ. ರಸ್ತೆ ಹತ್ತಿರ ನಾನು ಅಂಗಡಿ ಇಟ್ಟಿದ್ದ ಕಾಲದಲ್ಲಿ ನನಗದು ಅನ್ನ ಕೊಟ್ಟಿದೆ. ಒಂದೇ ಯಂತ್ರ ಇರುವ ಮನೆಗೆ ಅದು ಬೇಡ.

ಉಳಿಯುವ ಹಣದಲ್ಲಿ ಚಿನ್ನದ ಕೆಲಸದವರು ಕಣ್ಣಿಗಿಡುವ 10 ಪಟ್ಟಿನ ಲೂಪ್ ಮತ್ತು ಒಂದು ಸಣ್ಣ ಟಾರ್ಚ್ ತನ್ನಿ.

ಪ್ರಶ್ನೆ: ಪ್ರೊಟ್ರಾಕ್ಟರ್ ಪುಕ್ಕಟೆಯಾಗಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದರೆ ಸಾಲದೇ?
— ಓದುಗರು, ದಾವಣಗೆರೆ

ಉತ್ತರ: ಸಾಕು, ಅಳತೆ ಸರಿಯಿದ್ದರೆ. ಒಮ್ಮೆ ನಾನು ಜೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿದೆ. ಎರಡು ದಿನ ಕೂತು ಹೊಂದಿಸಿದೆ. ವೀಣೆಯ ಎಲ್‌ಪಿ ಹಾಕಿದರೆ ಕೊನೆಯಲ್ಲಿ ಗಮಕಗಳೆಲ್ಲ ಮಸುಕಾಗಿದ್ದವು, ಮೊದಲಿಗಿಂತ ಕೆಟ್ಟದಾಗಿ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಮೂರನೇ ಸಲ ಶುರು ಮಾಡಿದೆ. ಆಗ ಸುಮ್ನೆ ಸ್ಕೇಲ್ ಇಟ್ಟು ನೋಡಿದೆ. ಹಾಳೆಯ ಮೇಲಿನ 100 ಮಿ.ಮೀ. ಗೆರೆ 97 ಇತ್ತು! ಪ್ರಿಂಟರ್ ಚಿತ್ರವನ್ನು ಹಾಳೆಗೆ ಹೊಂದುವಂತೆ ಕುಗ್ಗಿಸಿತ್ತು. 66 ಇರಬೇಕಾದ ಜಾಗ 64ಕ್ಕೆ ಬಂದಿತ್ತು.

ಅದಕ್ಕೇ ‘ಅಳತೆ 100%’ ಎಂದು ಆರಿಸಿ, ಬಂದ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ದಪ್ಪ ಕಾಗದ ಬಳಸಿ. ನಡುವಿನ ತೂತು ಸ್ಪಿಂಡಲ್‌ಗೆ ಬಿಗಿಯಾಗಿ ಕೂರಬೇಕು. ತೂತು ಸಡಿಲವಾದರೆ ಮಾಡಿದ್ದೆಲ್ಲ ವ್ಯರ್ಥ. ಕೊಂಡ ಪ್ರೊಟ್ರಾಕ್ಟರನ್ನೂ ಹೀಗೇ ಪರೀಕ್ಷಿಸಿ. ಅಗ್ಗದ ಪ್ಲಾಸ್ಟಿಕ್ಕಿನವುಗಳಲ್ಲಿ ಅಗಲ ತೂತಿನವನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮುಳ್ಳಿನ ಭಾರಕ್ಕೆ ಶೂರ್ ತರಹದ ತಕ್ಕಡಿ ಒಳ್ಳೆಯದೋ, ಡಿಜಿಟಲ್ಲೋ?
— ಓದುಗರು, ಹುಬ್ಬಳ್ಳಿ

ಉತ್ತರ: ಡಿಜಿಟಲ್. ತಕ್ಕಡಿ ಗಟ್ಟಿಮುಟ್ಟು, ಬ್ಯಾಟರಿ ಬೇಡ, ಆದರೆ ಅದು ಸಮವಾಗಿ ನಿಂತಿದೆಯೇ ಎಂದು ಕಣ್ಣಳತೆಯಲ್ಲೇ ನಿರ್ಧರಿಸಬೇಕು. ಡಿಜಿಟಲ್ ಕೊಳ್ಳುವಾಗ ಎರಡು ವಿಷಯ ನೋಡಿ. ಮೊದಲನೆಯದು ಮ್ಯಾಗ್ನೆಟ್. ಅದರ ತಟ್ಟೆಗೆ ಫ್ರಿಜ್ ಮ್ಯಾಗ್ನೆಟ್ ಹಿಡಿಯಿರಿ, ಅಂಟಿದರೆ ಬೇಡ. ಡೆನಾನ್ ಡಿಎಲ್-103 ತರಹದ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ನ ಮ್ಯಾಗ್ನೆಟ್ ಬಲವಾದದ್ದು. ಅದು ಕಬ್ಬಿಣದ ತಟ್ಟೆಯ ಮೇಲೆ ಇಳಿಯುವಾಗ ಮುಳ್ಳು ಮುರಿಯಬಹುದು. ಎರಡನೆಯದು ಎತ್ತರ. ತಟ್ಟೆ ರೆಕಾರ್ಡಿನ ಮಟ್ಟದಲ್ಲೇ ಇರಬೇಕು. ಎತ್ತರದಲ್ಲಿ ಅಳೆದ ಭಾರ ಹಾಡುವಾಗಿನ ಭಾರವಲ್ಲ. ಜೊತೆಗೆ ಕೊಡುವ ತೂಕದ ಬಿಲ್ಲೆಯನ್ನು ಆಗಾಗ ಇಟ್ಟು ನೋಡಿ.

ಪ್ರಶ್ನೆ: ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡುಗಳಿಗೂ ಎಲ್‌ಪಿಯ ಮುಳ್ಳೇ ಸಾಕೇ?
— ಓದುಗರು, ಧಾರವಾಡ

ಉತ್ತರ: ಬೇಡ. ಎಲ್‌ಪಿಯ ದುಂಡು ಮುಳ್ಳಿನ ತುದಿಯ ತ್ರಿಜ್ಯ 0.0007 ಇಂಚು. 78ಕ್ಕೆ ಬೇಕಾದದ್ದು 0.003. ಸಣ್ಣ ಮುಳ್ಳು ಗೀರಿನ ತಳಕ್ಕೆ ಇಳಿದು ಕೊಳೆಯನ್ನೇ ಓದುತ್ತದೆ. ಆಡಿಯೋ-ಟೆಕ್ನಿಕಾದ ವಿಎಂ95ಎಸ್‌ಪಿ 78ಕ್ಕೆಂದೇ ಇದೆ, ಭಾರ 5 ಗ್ರಾಂ. ಇನ್ನೊಂದು ಹೆಡ್‌ಶೆಲ್‌ನಲ್ಲಿ ಕೂರಿಸಿಟ್ಟುಕೊಂಡರೆ ಬದಲಾಯಿಸುವುದು ಸುಲಭ. ನಿಮ್ಮ ಯಂತ್ರದಲ್ಲಿ 78ರ ವೇಗ ಇದೆಯೇ ಮೊದಲು ನೋಡಿ.

ಪ್ರಶ್ನೆ: ಮುಳ್ಳು ಗೀರಿನಲ್ಲಿ 92 ಡಿಗ್ರಿಗೆ ನಿಲ್ಲಬೇಕಂತೆ. ಯುಎಸ್‌ಬಿ ಮೈಕ್ರೋಸ್ಕೋಪ್ ಕೊಳ್ಳಲೇ? ನನ್ನದು ಸಾದಾ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳು.
— ಓದುಗರು, ಮಂಗಳೂರು

ಉತ್ತರ: ಹಣ ಉಳಿಸಿ. 230 ಮಿ.ಮೀ. ಉದ್ದದ ಟೋನ್‌ಆರ್ಮ್‌ನ ಹಿಂಬದಿಯನ್ನು 4 ಮಿ.ಮೀ. ಎತ್ತಿದರೆ ಕೋನ ಬದಲಾಗುವುದು 1 ಡಿಗ್ರಿ ಮಾತ್ರ. ರೆಕಾರ್ಡ್ ಮೇಲೆ ಮುಳ್ಳು ಇಳಿಸಿ, ಪಕ್ಕದಿಂದ ನೋಡಿ. ಟೋನ್‌ಆರ್ಮ್ ರೆಕಾರ್ಡಿಗೆ ಸಮಾನಾಂತರವಾಗಿದ್ದರೆ ಎಲಿಪ್ಟಿಕಲ್‌ಗೆ ಸಾಕು. ಆಮೇಲೆ ಮುಂದಿನಿಂದ ನೋಡಿ. ಪುಟ್ಟ ಕನ್ನಡಿಯೊಂದರ ಮೇಲೆ ಮುಳ್ಳು ಇಳಿಸಿದರೆ ಕಾರ್ಟ್ರಿಜ್ ಮತ್ತು ಅದರ ಬಿಂಬ ಒಂದರ ಕೆಳಗೊಂದು ನೆಟ್ಟಗೆ ಇರಬೇಕು. ಎಡಕ್ಕೋ ಬಲಕ್ಕೋ ವಾಲಿದ್ದರೆ ಮೊದಲು ಅದನ್ನು ಸರಿಮಾಡಿ. ಕನ್ನಡಿ ತೆಳುವಾಗಿರಲಿ, ರೆಕಾರ್ಡ್ ಇಡುವ ಪ್ಲ್ಯಾಟರ್ ತಿರುಗದಂತೆ ಅಂಚಿಗೆ ಮಡಿಸಿದ ಕಾಗದ ಸಿಕ್ಕಿಸಿ.