ಹಲ್ಲಿನ ಸೋಂಕಿನಿಂದ ಹೃದಯಕ್ಕೆ ತೊಂದರೆ ಆಗುತ್ತದೆಯೇ?

ಆಗಬಹುದು, ಆದರೆ ಎಲ್ಲರಿಗೂ ಒಂದೇ ಥರ ಅಲ್ಲ. ಹೃದಯಕ್ಕೆ ಕೃತಕ ಕವಾಟ (ವಾಲ್ವ್) ಹಾಕಿಸಿಕೊಂಡವರಿಗೆ ಅಪಾಯ ನೇರವಾದದ್ದು. ಉಳಿದವರಲ್ಲಿ ಒಸಡಿನ ಕಾಯಿಲೆಗೂ ಹೃದ್ರೋಗಕ್ಕೂ ನಂಟು ಕಂಡಿದೆ, ಅಷ್ಟೇ.

ಬಾಯಿಗೂ ಹೃದಯಕ್ಕೂ ಎಲ್ಲಿಂದೆಲ್ಲಿಗೆ ಅನಿಸುತ್ತದೆ ಅಲ್ವಾ? ಮಧ್ಯದ ದಾರಿ ರಕ್ತ. ಒಸಡು ಊದಿಕೊಂಡಾಗ ಹಲ್ಲಿಗೆ ತಾಗಿರುವ ಅದರ ತೆಳು ಪದರ ಹುಣ್ಣಾಗುತ್ತದೆ. ಅದರ ಕೆಳಗೇ ಸಣ್ಣ ರಕ್ತನಾಳಗಳಿವೆ. ಅಗಿಯುವಾಗ, ಹಲ್ಲುಜ್ಜುವಾಗ ಕೂಡ ಬ್ಯಾಕ್ಟೀರಿಯಾ ಒಳಗೆ ನುಸುಳುತ್ತವೆ. ಸಾಮಾನ್ಯವಾಗಿ ದೇಹ ಅವನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸಿಬಿಡುತ್ತದೆ. ಮುಖ್ಯವಾಗಿ ಕವಾಟ ಕೃತಕವಾಗಿದ್ದರೆ ಅಥವಾ ಹಾಳಾಗಿದ್ದರೆ ಕೆಲವು ಅಲ್ಲಿ ಅಂಟಿಕೊಂಡು ಬೆಳೆಯಬಹುದು. ಇದೇ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು. ಅಪರೂಪ, ಆದರೆ ಜೀವಕ್ಕೇ ಕುತ್ತು. ಹೆಚ್ಚು ಅಪಾಯ ಇರುವವರಿಗೆ ಹಲ್ಲು ಕೀಳುವ ಮೊದಲು ಆ್ಯಂಟಿಬಯಾಟಿಕ್ ಕೊಡುವುದು ಇದಕ್ಕೇ. ಎಲ್ಲರಿಗೂ ಸುಮ್ನೆ ಕೊಡುವುದಿಲ್ಲ.

ಇನ್ನೊಂದು ದಾರಿ ನಿಧಾನದ್ದು. ವರ್ಷಗಟ್ಟಲೆ ಒಸಡಿನಲ್ಲಿ ಉರಿಯೂತ ಇದ್ದರೆ ಅದರ ರಾಸಾಯನಿಕಗಳು ಮೈಯೆಲ್ಲಾ ಹರಡುತ್ತವೆ. ಅವು ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ಹೆಚ್ಚಿಸಬಹುದು ಎಂಬ ವಾದವಿದೆ. ಆ ಕೊಬ್ಬಿನ ಪದರದಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳ ಡಿಎನ್‌ಎ ಸಿಕ್ಕಿದ್ದೂ ಉಂಟು. ಆದರೆ ಧೂಮಪಾನ, ಸಕ್ಕರೆ ಕಾಯಿಲೆ ಎರಡೂ ಕಡೆ ಹಾಳುಮಾಡುತ್ತವೆ. ಹಾಗಾಗಿ ನಿಜವಾದ ಅಪರಾಧಿ ಯಾರು ಎಂದು ಬಿಡಿಸುವುದು ಕಷ್ಟ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿದ್ದೂ ಇದನ್ನೇ: ನಂಟು ಇದೆ, ಒಂದು ಇನ್ನೊಂದಕ್ಕೆ ಕಾರಣ ಅನ್ನಲು ಪುರಾವೆ ಸಾಲದು.