ಬಾಡಿ ಕಿಟ್‌ಗೆ ಎಬಿಎಸ್, ಪಿಪಿ, ಪಿಯು, ಫೈಬರ್: ಯಾವುದನ್ನು ಎಲ್ಲಿ ಹಾಕಿಸಬೇಕು?

ಕಾರಿಗೆ ಮುಂದಿನ ಲಿಪ್ (ಬಂಪರ್ ಕೆಳಗಿನ ಪಟ್ಟಿ), ಸೈಡ್ ಸ್ಕರ್ಟ್ (ಬಾಗಿಲುಗಳ ಕೆಳಗಿನ ಪಟ್ಟಿ), ಹಿಂದಿನ ಸ್ಪಾಯ್ಲರ್ (ಹಿಂಬದಿಯ ರೆಕ್ಕೆಯಂಥ ಭಾಗ) ಮೂರನ್ನೂ ಹಾಕಿಸಬೇಕು, ಎಲ್ಲಕ್ಕೂ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕೇ ಒಳ್ಳೆಯದು ಅಂತಾರೆ, ನಿಜವೇ ಎಂದು ಕೇಳಿದ್ದೀರಿ. ಅರ್ಧ ನಿಜ. ನಾನು ಬಂಪರ್ ರಿಪೇರಿ ಮತ್ತು ಪೇಂಟಿಂಗ್ ಕೆಲಸ ಮಾಡುವವನು. ಮೂರಕ್ಕೂ ಒಂದೇ ಪ್ಲಾಸ್ಟಿಕ್ ಇರಬೇಕು ಅಂತೇನೂ ಇಲ್ಲ. ಆ ಭಾಗ ಕಾರಿನಲ್ಲಿ ಎಲ್ಲಿ ಕೂರುತ್ತದೆ, ಯಾವುದಕ್ಕೆ ತಾಗುತ್ತದೆ ಅನ್ನುವುದನ್ನು ಮೊದಲು ನೋಡಿ.

ಮುಂದಿನ ಲಿಪ್ ನೆಲಕ್ಕೆ ತುಂಬಾ ಹತ್ತಿರ. ಹಂಪ್, ಪಾರ್ಕಿಂಗ್ ಜಾಗದ ಕಟ್ಟೆ, ಇಳಿಜಾರು, ಒಂದಲ್ಲ ಒಂದು ತಾಗಿಯೇ ತಾಗುತ್ತದೆ. ಅಲ್ಲಿ ಗಡಸುತನ ಬೇಡ, ಬಾಗಿ ಮತ್ತೆ ಸರಿಯಾಗುವ ಗುಣ ಬೇಕು. ಹಾಗಾಗಿ ನನ್ನ ಆಯ್ಕೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಕಾರಿನ ಜೊತೆಗೇ ಬರುವ ಬಂಪರ್‌ಗಳೂ ಹೆಚ್ಚಾಗಿ ಇದರವೇ. ಬಂಪರ್‌ನ ಒಳಬದಿ ನೋಡಿ, ಪಿಪಿ+ಇಪಿಡಿಎಂ-ಟಿಡಿ20 ಅನ್ನುವಂಥ ಗುರುತು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಇಪಿಡಿಎಂ ಅಂದರೆ ಪಿಪಿಗೆ ಬೆರೆಸಿದ ರಬ್ಬರ್, ಟಿಡಿ20 ಅಂದರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ರಬ್ಬರ್ ಏಟು ತಡೆಯಲು, ಟಾಲ್ಕ್ ಬಿಗಿ ಕೊಡಲು.

ಪಿಪಿಯ ದೊಡ್ಡ ತಲೆನೋವು ಪೇಂಟ್. ಅದಕ್ಕೆ ಸುಲಭವಾಗಿ ಏನೂ ಅಂಟುವುದಿಲ್ಲ, ಡಬಲ್ ಸೈಡ್ ಟೇಪ್ ಕೂಡ. ಮೊದಲು ಅಡ್ಹೀಷನ್ ಪ್ರೊಮೋಟರ್, ಅಂದರೆ ಬಣ್ಣ ಹಿಡಿಯುವಂತೆ ಮಾಡುವ ಕೋಟ್, ಹೊಡೆಯಲೇಬೇಕು. ಅದನ್ನು ಬಿಟ್ಟರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್, ಇನ್ನೂ ಮೆತ್ತಗೆ, ಏಟನ್ನು ಚೆನ್ನಾಗಿ ತಡೆಯುತ್ತದೆ. ಆದರೆ ತೂಕ ಜಾಸ್ತಿ, ಸರಿಯಾಗಿ ಆಧಾರ ಕೊಡದಿದ್ದರೆ ಬಿಸಿಲಿಗೆ ಜೋಲುತ್ತದೆ. ಅದರ ಮೇಲಿನ ಪೇಂಟ್‌ಗೆ ಬಣ್ಣಕ್ಕೆ ಬಾಗುವ ಗುಣ ಕೊಡುವ ಫ್ಲೆಕ್ಸ್ ಅಡಿಟಿವ್ ಬೆರೆಸದಿದ್ದರೆ ಲಿಪ್ ಬಾಗಿದಾಗ ಬಣ್ಣ ಬಿರಿಯುತ್ತದೆ.

ಸೈಡ್ ಸ್ಕರ್ಟ್ ಮತ್ತು ಸ್ಪಾಯ್ಲರ್‌ಗೆ ಎಬಿಎಸ್ ಸರಿ. ಆಕಾರ ಬಿಗಿಯಾಗಿ ನಿಲ್ಲುತ್ತದೆ, ಪೇಂಟ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಪೇಂಟ್ ಮಾಡದೆ ಕಪ್ಪಗೇ ಬಿಡುವ ಯೋಚನೆ ಇದ್ದರೆ ಎಬಿಎಸ್ ಬೇಡ. ಅದರಲ್ಲಿರುವ ಬ್ಯುಟಾಡೈಯೀನ್ ರಬ್ಬರ್ ಬಿಸಿಲಿಗೆ ಕೆಡುತ್ತದೆ. ಬಣ್ಣ ಮಂಕಾಗುತ್ತದೆ, ಬರಬರುತ್ತಾ ಸಣ್ಣ ಏಟಿಗೂ ಒಡೆಯುತ್ತದೆ. ಅಂಥ ಕಡೆ ಎಎಸ್ಎ ಅನ್ನುವ ಪ್ಲಾಸ್ಟಿಕ್ ಕೇಳಿ. ಅದರಲ್ಲಿ ಬಿಸಿಲು ತಡೆಯುವ ಅಕ್ರಿಲಿಕ್ ರಬ್ಬರ್ ಇರುತ್ತದೆ.

ಫೈಬರ್, ಅಂದರೆ ಗಾಜಿನ ಎಳೆಗೆ ರೆಸಿನ್ ಅನ್ನುವ ಅಂಟು ಹಾಕಿ ಗಟ್ಟಿ ಮಾಡಿದ ಎಫ್ಆರ್‌ಪಿ, ಹೊಸ ಡಿಸೈನ್‌ನಲ್ಲಿ ಒಂದೋ ಎರಡೋ ಮಾಡಿಸುವವರಿಗೆ ಒಳ್ಳೆಯದು. ಒಡೆದರೆ ಗಾಜಿನ ಎಳೆಯ ಮ್ಯಾಟ್, ರೆಸಿನ್ ಹಾಕಿ ಮತ್ತೆ ಕೂಡಿಸಬಹುದು. ಆದರೆ ಏಟಿಗೆ ಬಾಗುವುದಿಲ್ಲ, ಬಿರಿಯುತ್ತದೆ. ಮುಂದಿನ ಲಿಪ್‌ಗೆ ಅದನ್ನು ನಾನಂತೂ ಹೇಳುವುದಿಲ್ಲ. ಎಬಿಎಸ್ ಅಂತ ಹೇಳಿ ಫೈಬರ್ ಕೊಡುವವರೂ ಇದ್ದಾರೆ. ಹಿಂಬದಿ ತಿರುಗಿಸಿ ನೋಡಿ: ಒರಟಾಗಿದ್ದು ಗಾಜಿನ ಎಳೆಗಳು ಕಂಡರೆ ಅದು ಫೈಬರ್. ಗುರುತು ಹಿಡಿಯಲು ಸುಟ್ಟು ನೋಡಲು ಮಾತ್ರ ಹೋಗಬೇಡಿ, ಆ ಹೊಗೆ ಒಳ್ಳೆಯದಲ್ಲ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ರಿಪೇರಿಗೆ ಬರುವ ಸ್ಕರ್ಟ್‌ಗಳಲ್ಲಿ ಬಿರುಕು ಹೆಚ್ಚಾಗಿ ಸ್ಕ್ರೂ ತೂತಿನಿಂದಲೇ ಶುರುವಾಗಿರುತ್ತದೆ. ಜನ ಪ್ಲಾಸ್ಟಿಕ್ಕೇ ಕಳಪೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಕೂರಿಸಿದ ರೀತಿಯದು. ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ತುಂಬಾ ಜಾಸ್ತಿ ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಎಬಿಎಸ್ ಸ್ಕರ್ಟ್ 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಉಕ್ಕು 1 ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಎಲ್ಲ ಕಡೆ ಬಿಗಿಯಾಗಿ ಸ್ಕ್ರೂ ಹೊಡೆದರೆ ಆ 5 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಸ್ಕರ್ಟ್ ಉಬ್ಬುತ್ತದೆ, ಇಲ್ಲವೇ ತೂತಿನ ಹತ್ತಿರ ಸೀಳುತ್ತದೆ. ಮಧ್ಯದ ಒಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಉಳಿದ ತೂತುಗಳನ್ನು ಉದ್ದುದ್ದಕ್ಕೆ ಕೊರೆಸಿ, ಅಗಲ ವಾಷರ್ ಹಾಕಿಸಿ, ಸ್ಕರ್ಟ್ ಅತ್ತಿತ್ತ ಜರುಗುವಷ್ಟು ಸಡಿಲ ಬಿಡಿಸಿ. ತೂತಿನ ಅಂಚನ್ನು ನುಣ್ಣಗೆ ಉಜ್ಜಿಸಿ, ಸಣ್ಣ ಗೀರು ಉಳಿದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಪೇಂಟರ್‌ಗೆ ಯಾವ ಭಾಗ ಯಾವ ಪ್ಲಾಸ್ಟಿಕ್ ಅಂತ ಮೊದಲೇ ಹೇಳಿ. ಎಬಿಎಸ್ಸನ್ನು ಅಸಿಟೋನ್‌ನಿಂದ ಒರೆಸಿದರೆ ಮೇಲ್ಮೈಯೇ ಕರಗುತ್ತದೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಸಾಕು. ಪೇಂಟ್ ಬೂತ್‌ನಲ್ಲಿ ಒಣಗಿಸುವಾಗ ಬಿಸಿ 60 ಡಿಗ್ರಿ ದಾಟದಿರಲಿ. ಎಬಿಎಸ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಉದ್ದನೆಯ ಭಾಗವನ್ನು ಎರಡೇ ತುದಿಯಲ್ಲಿ ನೇತುಹಾಕಿದ್ದರೆ ಅದಕ್ಕೂ ಮೊದಲೇ ಬಾಗಬಹುದು.